ಒಣ ಪೊರಕೆ ಮುಟ್ಟಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಪಕ್ಕದ ಮನೆ ಕೆಡವುತ್ತಿದ್ದಾರೆ, ಒಳಗೆಲ್ಲ ಧೂಳು, ಅಪ್ಪನಿಗೆ ಸ್ಟೆಂಟ್ ಹಾಕಿ ಇನ್ನೂ ವರ್ಷ ಆಗಿಲ್ಲ, ಬೆಳಗಿನ ವಾಕಿಂಗ್ ಮಾತ್ರ ಬಿಡೋದಿಲ್ಲ, ಮಾಸ್ಕ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತ ಕೂತರೆ ನನಗೆ ಸಂಜೆಯಾಗುತ್ತದೆ. ಮಾತಲ್ಲೇ ಹೇಳುತ್ತೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ.

ಮೊದಲು ಒಂದು ಮಾತು. ಒಣ ಪೊರಕೆ ಮುಟ್ಟಬೇಡ. ಮಿಕ್ಕಿದ್ದು ಆಮೇಲೆ.

ನಿಮ್ಮ ದೊಡ್ಡಪ್ಪನಿಗೆ ಎದೆ ನೋವು ಬಂದಿದ್ದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೆ ಮುಂಚಿನ 11 ದಿನ ಏನು ನಡೆಯಿತು ಅಂತ ಗೊತ್ತಿಲ್ಲ. ನೆಲ ಕಿತ್ತು ಹೊಸದು ಹಾಕಿಸುತ್ತಿದ್ದೆವು. ಆ ಹುಡುಗರು ಮೆಷಿನ್ ಹಿಡಿದು ಕಲ್ಲು ಕೊಯ್ದರೆ ಹಾಲ್ ಪೂರ್ತಿ ಬೆಳ್ಳಗೆ, ಎದುರಿಗೆ ನಿಂತವರ ಮುಖ ಕಾಣಿಸುತ್ತಿರಲಿಲ್ಲ. ಇವರು ಅಲ್ಲೇ ಕುರ್ಚಿ ಹಾಕಿಕೊಂಡು, ಮೂಗಿಗೊಂದು ಕರ್ಚೀಫ್ ಕಟ್ಟಿಕೊಂಡು ಕೂತಿರುತ್ತಿದ್ದರು. ಸಂಜೆ ಹುಡುಗರು ಹೋದ ಮೇಲೆ ನಾನು ಪೊರಕೆ ಹಿಡಿಯುತ್ತಿದ್ದೆ. ನೋಡು ನನ್ನ ಬುದ್ಧಿ, ನೆಲಕ್ಕೆ ಕೂತಿದ್ದ ಧೂಳನ್ನೆಲ್ಲ ಮತ್ತೆ ಎಬ್ಬಿಸಿ ಅವರ ಮೂಗಿಗೆ ಕೊಟ್ಟೆ. ನೆಲ ಫಳಫಳ ಹೊಳೆದರೆ ಧೂಳು ಹೋಯಿತು ಅಂದುಕೊಂಡಿದ್ದೆ.

12ನೇ ದಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರು. ಗ್ಯಾಸು ಅಂದರು. ನಾನೂ ಗ್ಯಾಸೇ ಅಂದುಕೊಂಡೆ. ಎರಡು ಗಂಟೆ ಸುಮ್ನೆ ಕಳೆದುಹೋಯಿತು. ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.

ಡಾಕ್ಟರು ಧೂಳೊಂದೇ ಕಾರಣ ಅನ್ನಲಿಲ್ಲ. ಬಿಪಿ ಇತ್ತು, ಶುಗರ್ ಇತ್ತು, ರಕ್ತನಾಳ ಮೊದಲೇ ಕಟ್ಟಿಕೊಳ್ಳುತ್ತ ಬಂದಿತ್ತು. ಧೂಳು ಕೊನೆಗೊಂದು ಏಟು ಕೊಟ್ಟಿರಬಹುದು ಅಂದರು. ಧೂಳು ಹೋಗೋದು ಮೂಗಿಗೆ, ಹೃದಯಕ್ಕೇನು ಸಂಬಂಧ ಅಂತ ಕೇಳಿದೆ. ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಸೀನಲ್ಲೋ ಕೆಮ್ಮಲ್ಲೋ ಹೊರಗೆ ಬರುತ್ತದೆ. ಟಿವಿಯಲ್ಲಿ ಪಿಎಂ 2.5 ಅನ್ನುತ್ತಾರಲ್ಲ, ಆ ಕಣ ತಲೆಗೂದಲಿನ ದಪ್ಪದಲ್ಲಿ ಸುಮಾರು 30ರಲ್ಲಿ ಒಂದು ಪಾಲು. ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ. ಅತಿ ಸಣ್ಣದು ರಕ್ತಕ್ಕೂ ದಾಟುತ್ತದೆ. ಆಗ ರಕ್ತನಾಳದ ಒಳಗೋಡೆಗೆ ಉರಿಯೂತ ಬರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೊದಲೇ ಕಿರಿದಾದ ನಾಳಕ್ಕೆ ಅಷ್ಟು ಸಾಕಲ್ವಾ. ಈ ಸಣ್ಣ ಧೂಳು ಒಮ್ಮೆ ಎದ್ದರೆ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಒಣ ಪೊರಕೆ ಮುಟ್ಟಬೇಡ. ಕೆಲಸಕ್ಕೆ ಬರುವವರ ಕೈಗೂ ಕೊಡಬೇಡ.

ಆ ಹುಡುಗರ ಪಾಡು ಇನ್ನೂ ಕಷ್ಟ. ಕಲ್ಲಿನ ಧೂಳಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಎಳೆದುಕೊಂಡರೆ ಶ್ವಾಸಕೋಶ ಹಳೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಅಂತ ಅದಕ್ಕೆ ಹೆಸರು, ವಾಸಿ ಮಾಡುವ ಔಷಧಿ ಇಲ್ಲ. ನೀರು ಹಾಯಿಸಿಕೊಂಡು ಕೊಯ್ದರೆ ಧೂಳು ಏಳುವುದೇ ಕಡಿಮೆ. ಮೇಸ್ತ್ರಿಗೆ ಅದು ಗೊತ್ತಿತ್ತಂತೆ, ಮನೆ ರಾಡಿಯಾಗುತ್ತದೆ ಅಂತ ಬಿಟ್ಟನಂತೆ. ಆಮೇಲೆ ಕೇಳಿದಾಗ ಹೇಳಿದ.

ಆಮೇಲೆ ಅಂದ ಕೂಡಲೇ ನೆನಪಾಯಿತು. ಆಸ್ಪತ್ರೆಯಲ್ಲಿ 9 ದಿನ ಇದ್ದೆವು. ಈ ಗ್ರೂಪಿನಲ್ಲಿ 43 ಜನ ಇದ್ದೀರಿ. ಬಂದವರು ಮೂವರು. ಮಿಕ್ಕವರು ಕೈಮುಗಿಯುವ ಚಿತ್ರ ಕಳಿಸಿದಿರಿ. ಹೊಸ ನೆಲ ನೋಡೋದಕ್ಕೆ ಮಾತ್ರ ಎಲ್ಲರಿಗೂ ಪುರುಸೊತ್ತು ಸಿಕ್ಕಿತು. ಒಬ್ಬರಂತೂ ಬಣ್ಣ ಸ್ವಲ್ಪ ಮಂಕಾಯಿತು ಅಂದರು. ಯಾರು ಅಂತ ಹೇಳೋದಿಲ್ಲ, ಅವರಿಗೇ ಗೊತ್ತು. ಹೋಗಲಿ ಬಿಡು.

ಅಯ್ಯೋ, ನೀನು ಕೇಳಿದ್ದು ಮಾಸ್ಕ್ ಅಲ್ವಾ. ಕರ್ಚೀಫು, ಬಟ್ಟೆ ಮಾಸ್ಕು ಸಣ್ಣ ಧೂಳಿಗೆ ಸಾಲದು. ಎನ್95 ತರಿಸು. ಮೂಗಿನ ಪಟ್ಟಿ ಒತ್ತಿ, ಕೆನ್ನೆ ಪಕ್ಕದಲ್ಲಿ ಗಾಳಿ ನುಸುಳದ ಹಾಗೆ ಕೂರಿಸಬೇಕು. ನಿಮ್ಮಪ್ಪನ ಗಡ್ಡದ ಮೇಲೆ ಅದು ಕೂರೋದಿಲ್ಲ, ಸಂದಿಯಿಂದ ಎಲ್ಲ ಒಳಗೆ ಬರುತ್ತದೆ. ಹಾಕಿಕೊಂಡು ಉಸಿರು ಕಟ್ಟಿದಂತಾದರೆ ಬಲವಂತ ಬೇಡ, ಅವರ ಡಾಕ್ಟರನ್ನು ಕೇಳು. ಕೆಡವುವ ಹೊತ್ತಲ್ಲಿ ಆ ಕಡೆಯ ಕಿಟಕಿ ಮುಚ್ಚು, ಕೆಲಸ ನಿಂತು ಧೂಳು ಕೂತ ಮೇಲೆ ತೆಗೆ. ನೆಲ, ಮೇಜು ಎಲ್ಲ ಒದ್ದೆ ಬಟ್ಟೆಯಲ್ಲೇ ಒರೆಸು.

ವಾಕಿಂಗ್ ಬಿಡಿಸಬೇಡ, ಹೃದಯಕ್ಕೆ ಅದು ಬೇಕು. ದಾರಿ ಬದಲಾಯಿಸು. ಕೆಡವುವ ಜಾಗವೂ ಬೇಡ, ಗಾಡಿ ಜಾಸ್ತಿ ಓಡಾಡುವ ರಸ್ತೆಯೂ ಬೇಡ. ಬಿರುಸಾಗಿ ನಡೆದಷ್ಟೂ ಉಸಿರು ಜಾಸ್ತಿ, ಒಳಗೆ ಹೋಗುವ ಧೂಳೂ ಜಾಸ್ತಿ. ಗಾಳಿಯಲ್ಲಿ ಧೂಳು ಎಷ್ಟಿದೆ ಅಂತ ಫೋನಿನಲ್ಲಿ ನೋಡಿ, ಆಮೇಲೆ ಅಪ್ಪನನ್ನು ಹೊರಗೆ ಕಳಿಸು. ದಿನದ ಸರಾಸರಿ ಪಿಎಂ 2.5 ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ತೀರಾ ಏರಿದ ದಿನ ಮನೆಯೊಳಗೇ ನಡೆಯಲಿ.

ಎದೆ ಭಾರ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು, ಕೂತಲ್ಲೇ ಏದುಸಿರು ಬಂದರೆ ಗ್ಯಾಸು ಅನ್ನೋದಕ್ಕೆ ಬಿಡಬೇಡ. ತಕ್ಷಣ ಆಂಬುಲೆನ್ಸ್ ಕರೆಸು.

ಗಡ್ಡದ ವಿಷಯ ನಾನೇ ಹೇಳುತ್ತೇನೆ, ರಾತ್ರಿ ಫೋನ್ ಅವರ ಕೈಗೆ ಕೊಡು. ದೊಡ್ಡಪ್ಪ ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ, ಗಡ್ಡ ತೆಗೆಸಿದರೆ ನಿಮ್ಮಪ್ಪನ ಗುರುತು ಹಿಡಿಯೋದು ಹೇಗೆ ಅನ್ನುತ್ತಿದ್ದಾರೆ.