ಒಂದು ಮಾಹಿತಿಯ ಮೂಲವನ್ನು ನಂಬುವ ಮುನ್ನ ನೀವು ಏನನ್ನು ನೋಡುತ್ತೀರಿ?

ಪ್ರಶ್ನೆ: ಒಂದೇ ವಿಷಯವನ್ನು ನಾಲ್ಕು ಕಡೆ ಓದಿದರೆ ನಾಲ್ಕು ಬಗೆಯ ಮಾತು ಸಿಗುತ್ತದೆ. ಯಾವುದನ್ನು ನಂಬಬೇಕೆಂದು ನೀವು ಹೇಗೆ ತೀರ್ಮಾನಿಸುತ್ತೀರಿ? ಅನುಭವದಿಂದ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಾನು ಪುಸ್ತಕಗಳ ಕರಡು ತಿದ್ದುವವನು. ಮೊದಮೊದಲು ಒಂದು ಸಂಗತಿ ಮೂರು ಕಡೆ ಸಿಕ್ಕಿದರೆ ಖಚಿತವೆಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಒಮ್ಮೆ ಒಂದು ಇಸವಿಯನ್ನು ನಾಲ್ಕು ಬರಹಗಳಲ್ಲಿ ಹೋಲಿಸಿ ನೋಡುವಾಗ, ನಾಲ್ಕರಲ್ಲೂ ಒಂದೇ ಹೆಸರಿನ ಒಂದೇ ಅಕ್ಷರಕ್ಕೆ ದೀರ್ಘ ಬಿಟ್ಟುಹೋಗಿದ್ದು ಕಣ್ಣಿಗೆ ಬಿತ್ತು. ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡಿದ್ದರು. ನಾಲ್ಕೆಂದು ನಾನು ಎಣಿಸಿದ್ದ ಸಾಕ್ಷಿ ನಿಜಕ್ಕೂ ಒಂದೇ ಆಗಿತ್ತು. ಮೂಲ ದಾಖಲೆಯನ್ನು ತರಿಸಿ ನೋಡಿದಾಗ ಇಸವಿಯೂ ತಪ್ಪಾಗಿತ್ತು.

ಹೋಲಿಸುವ ಸಾಕ್ಷಿ ಬೇರೆ ಮೂಲದ್ದಲ್ಲದಿದ್ದರೆ ತಜ್ಞರೂ ಮೋಸಹೋಗುತ್ತಾರೆ. 1983ರಲ್ಲಿ ಜರ್ಮನಿಯ ಪತ್ರಿಕೆಯೊಂದು ಹಿಟ್ಲರನ ದಿನಚರಿಗಳೆಂದು ಪ್ರಕಟಿಸಿದ ಬರಹಗಳನ್ನು ಕೈಬರಹ ತಜ್ಞರು ಅಸಲಿ ಎಂದಿದ್ದರು. ಹೋಲಿಕೆಗೆಂದು ಅವರಿಗೆ ಕೊಟ್ಟ ಮಾದರಿಗಳಲ್ಲಿಯೇ ಕೆಲವು ಅದೇ ನಕಲಿಗಾರನ ಕೈಯಿಂದ ಬಂದಿದ್ದವು. ಕಾಗದದಲ್ಲಿದ್ದ ಬಿಳುಪುಕಾರಕವು ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದದ್ದೆಂದು ಪ್ರಯೋಗಾಲಯ ತೋರಿಸಿಕೊಟ್ಟಾಗ ಗುಟ್ಟು ರಟ್ಟಾಯಿತು.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಜೊತೆಗೆ, ಮೂಲದ ಹೆಸರು ದೊಡ್ಡದೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂ.ಎಂ.ಆರ್. ಲಸಿಕೆಗೂ ಆಟಿಸಂ ಎಂಬ ಬೆಳವಣಿಗೆಯ ಸಮಸ್ಯೆಗೂ ನಂಟು ಇರಬಹುದೆಂದು ಸೂಚಿಸಿದ 1998ರ ಲೇಖನ ಪ್ರಕಟವಾದದ್ದು ‘ಲ್ಯಾನ್ಸೆಟ್’ ಎಂಬ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ. ಅದು ನೋಡಿದ್ದು ಕೇವಲ 12 ಮಕ್ಕಳನ್ನು. 2002ರಲ್ಲಿ ಡೆನ್ಮಾರ್ಕಿನ 5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ ಅಂಥ ನಂಟು ಕಾಣಲಿಲ್ಲ. ಪತ್ರಿಕೆ ಲೇಖನವನ್ನು ಹಿಂಪಡೆದದ್ದು 2010ರಲ್ಲಿ. ಅಷ್ಟು ತಡಮಾಡಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಆದರೂ ಇಂದು ಆ ಲೇಖನವನ್ನು ತೆರೆದರೆ ಹಿಂಪಡೆಯಲಾಗಿದೆ ಎಂಬ ಕೆಂಪು ಮುದ್ರೆ ಎದ್ದು ಕಾಣುತ್ತದೆ. ತಪ್ಪನ್ನು ಸದ್ದಿಲ್ಲದೆ ಅಳಿಸಿಬಿಡುವ ಮೂಲಕ್ಕಿಂತ, ಹೀಗೆ ಎಲ್ಲರೆದುರು ತಿದ್ದಿಕೊಂಡ ಗುರುತನ್ನು ಉಳಿಸುವ ಮೂಲವನ್ನೇ ನಾನು ಮತ್ತೆ ಹುಡುಕಿಕೊಂಡು ಹೋಗುತ್ತೇನೆ.

ಉತ್ತರ 3: ಎಲ್ಲದರ ಬುಡ ಹುಡುಕಲು ಪುರುಸೊತ್ತು ಯಾರಿಗಿದೆ? ಹಣ, ಔಷಧ, ಇನ್ನೊಬ್ಬರ ಮಾನ, ಈ ಮೂರಕ್ಕೆ ಸಂಬಂಧಿಸಿದ್ದನ್ನು ಮಾತ್ರ ನಾನು ಮೂಲದವರೆಗೆ ಹೋಗಿ ನೋಡುತ್ತೇನೆ. ಉಳಿದದ್ದನ್ನು ಯಾರಿಗಾದರೂ ಹೇಳುವಾಗ ಕೊನೆಯಲ್ಲಿ ‘ಅಂತೆ’ ಎಂಬುದನ್ನು ಮರೆಯದೆ ಸೇರಿಸುತ್ತೇನೆ.