ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಕ್ರಿಸ್ಪರ್ ಮದ್ದು ಇದೆಯಾ?

ಪ್ರಶ್ನೆ (ಆಳಂದ): ಡಾಕ್ಟರ್ ಮೇಡಂ, ನಮಸ್ಕಾರ್ರಿ. ನಮ್ಮ ಅವ್ವನಿಗೆ ಪದೇ ಪದೇ ಉರಿಮೂತ್ರ. ಕಲಬುರಗಿಯಲ್ಲಿ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಮಾಡಿಸಿದೆವು. ಇ-ಕೋಲೈ ಅಂತ ಬಂದಿದೆ, ಬಹಳ ಔಷಧಿಗಳ ಮುಂದೆ 'ಆರ್' ಇದೆ, ಅಂದರೆ ಅವು ನಾಟಲ್ಲ ಅಂತೆ. ಜೀನ್ ಕತ್ತರಿಸಿ ಇಂಥ ಬ್ಯಾಕ್ಟೀರಿಯಾ ಕೊಲ್ಲುತ್ತಾರೆ ಅಂತ ವಿಡಿಯೋದಲ್ಲಿ ನೋಡಿದೆ. ಹೈದರಾಬಾದಿಗೆ ಹೋದರೆ ಸಿಗುತ್ತಾ?

ಉತ್ತರ (ಮೈಕ್ರೋಬಯಾಲಜಿಸ್ಟ್, ಕಲಬುರಗಿ): ನಮಸ್ಕಾರ್ರಿ. ಅದಕ್ಕಂತ ಹೈದರಾಬಾದಿಗೆ ಹೋಗಬೇಡಿ. ಆಸ್ಪತ್ರೆಯಲ್ಲಿ ಕೊಡುವ ಹಂತಕ್ಕೆ ಅದಿನ್ನೂ ಬಂದಿಲ್ಲ. ಆದರೆ ನೀವು ನೋಡಿದ್ದು ಸುಳ್ಳಲ್ಲ.

ಬ್ಯಾಕ್ಟೀರಿಯಾಕ್ಕೂ ವೈರಸ್ ಕಾಟ ಇದೆ. ಆ ವೈರಸ್‌ಗೆ ಫೇಜ್ ಅಂತಾರೆ. ಎಷ್ಟೋ ಬ್ಯಾಕ್ಟೀರಿಯಾಗಳು ಹಿಂದೆ ಬಂದ ಫೇಜ್‌ನ ಡಿಎನ್‌ಎ ತುಣುಕನ್ನು ಗುರುತಿಗೆ ಇಟ್ಟುಕೊಂಡಿರುತ್ತವೆ. ಅದೇ ಫೇಜ್ ಮತ್ತೆ ಬಂದರೆ ಕ್ಯಾಸ್ ಅನ್ನೋ ಪ್ರೋಟೀನ್ ಅದರ ಡಿಎನ್‌ಎ ಕತ್ತರಿಸುತ್ತದೆ. ಇದೇ ಕ್ರಿಸ್ಪರ್. ವಿಜ್ಞಾನಿಗಳು ಆ ಗುರುತನ್ನೇ ಬದಲಿಸಿ, ಫೇಜ್ ಬದಲು ಬ್ಯಾಕ್ಟೀರಿಯಾದ್ದೇ ಜೀನ್ ಕತ್ತರಿಸುವಂತೆ ಮಾಡಿದರು. 2014ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಎನ್‌ಡಿಎಂ-1 ಅನ್ನೋ ಜೀನ್ ಇರುವ ಇ-ಕೋಲೈಯನ್ನು ಹೀಗೆ ಹುಡುಕಿ ಕೊಂದಿತು. ಈ ಜೀನ್ ಇದ್ದರೆ ಮೆರೋಪೆನೆಮ್‌ನಂಥ ದೊಡ್ಡ ಇಂಜೆಕ್ಷನ್ ಕೂಡ ಸಾಮಾನ್ಯವಾಗಿ ನಾಟುವುದಿಲ್ಲ. ಅದಕ್ಕೇ ಆ ಕೆಲಸದ ಮೇಲೆ ನನಗೆ ಬಹಳ ಭರವಸೆ.

ತೊಡಕು ಇರುವುದು ಕ್ರಿಸ್ಪರನ್ನು ಬ್ಯಾಕ್ಟೀರಿಯಾದ ಒಳಗೆ ಮುಟ್ಟಿಸುವುದರಲ್ಲಿ. ಅದನ್ನು ಹೊತ್ತೊಯ್ಯಲು ಹೆಚ್ಚಾಗಿ ಫೇಜ್ ಬಳಸುತ್ತಾರೆ, ಆದರೆ ಒಂದು ಫೇಜ್ ಎಲ್ಲ ಇ-ಕೋಲೈಗೂ ಅಂಟುವುದಿಲ್ಲ. ಅಮೆರಿಕದ ಲೋಕಸ್ ಬಯೋಸೈನ್ಸಸ್ ಕಂಪನಿ ಇದಕ್ಕೇ ಹಲವು ಫೇಜ್ ಬೆರೆಸಿ, ಮೂತ್ರದ ಸೋಂಕು ಇರುವವರ ಮೇಲೆ ಪ್ರಯೋಗ ನಡೆಸಿದೆ. ಅದೂ ಮಾಮೂಲಿ ಆ್ಯಂಟಿಬಯಾಟಿಕ್ ಜೊತೆಗೇ.

ಈಗ ಅವ್ವನ ವಿಷಯ. 'ಆರ್' ಬಿಡಿ, 'ಎಸ್' ಎಲ್ಲಿದೆ ನೋಡಿ. ಆ ಔಷಧಿಗಳಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ.

ಪ್ರಶ್ನೆ (ಹುಮನಾಬಾದ್): ಮೇಡಂ, ಕ್ರಿಸ್ಪರ್ ಕೊಟ್ಟರೆ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾನೂ ಸಾಯಲ್ವಾ?

ಉತ್ತರ: ಇದರ ದೊಡ್ಡ ಲಾಭವೇ ಅದು. ಆ್ಯಂಟಿಬಯಾಟಿಕ್ ಒಳ್ಳೇದು ಕೆಟ್ಟದ್ದು ನೋಡುವುದಿಲ್ಲ. ಇದು ಗುರುತಿಗೆ ತಾಳೆಯಾಗುವ ಡಿಎನ್‌ಎ ಮಾತ್ರ ಕತ್ತರಿಸುತ್ತದೆ. ಆದರೆ ಆ ಜಾಗದಲ್ಲಿ ಡಿಎನ್‌ಎ ಚೂರು ಬದಲಾದರೂ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬಹುದು. ಹಾಗಾಗಿ ಇದಕ್ಕೂ ಬಗ್ಗದ ತಳಿ ಹುಟ್ಟಬಹುದು.

ಪ್ರಶ್ನೆ (ಆಳಂದ): ಮೇಡಂ, ನೈಟ್ರೋಫ್ಯುರಾಂಟಾಯಿನ್ ಮುಂದೆ 'ಎಸ್' ಇದೆ. ಮೆಡಿಕಲ್‌ನಲ್ಲಿ ತಗೊಳ್ಳಲಾ?

ಉತ್ತರ: ಸುಮ್ನೆ ತಗೋಬೇಡಿ. ಕಿಡ್ನಿ ಸೋತಿದ್ದರೆ ಆ ಮಾತ್ರೆ ಆಗುವುದಿಲ್ಲ. ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ), ಸಕ್ಕರೆ ಪರೀಕ್ಷೆ ಮಾಡಿಸಿ, ರಿಪೋರ್ಟ್ ಸಮೇತ ಡಾಕ್ಟರ್ ಹತ್ತಿರ ಹೋಗಿ. ಪದೇ ಪದೇ ಬರುತ್ತಿದೆ ಅಂದರೆ ಕಲ್ಲು ಇದೆಯಾ ಅಂತ ಸ್ಕ್ಯಾನ್ ಬಗ್ಗೆಯೂ ಕೇಳಿ. ಚಳಿ ಜ್ವರ, ಪಕ್ಕೆ ನೋವು ಬಂದರೆ ಅವತ್ತೇ ಕರೆದುಕೊಂಡು ಹೋಗಿ.