ಕೊರಿಯನ್ ಕಲಿಕಾರ್ಥಿಗೆ ‘ಇಂಪ್ಲೈ’ ಕ್ರಿಯಾಪದವನ್ನು ವಿವರಿಸುವ ಬಗೆ

ಪ್ರಶ್ನೆ: ಕೊರಿಯನ್ ಮಾತೃಭಾಷೆಯ ಸಹೋದ್ಯೋಗಿಯೊಬ್ಬರು ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದು, ಇಂಗ್ಲಿಷ್ ಕಲಿಯಲು ನನ್ನ ನೆರವು ಕೇಳಿದ್ದಾರೆ. ‘ಇಂಪ್ಲೈ’ (ನೇರವಾಗಿ ಹೇಳದೆ ಸೂಚಿಸು) ಎಂದರೆ ಕೊರಿಯನ್ನಿನ ‘ಅಮ್‌ಶಿಹಾದಾ’ ಎಂದು ಅವರು ಕಂಠಪಾಠ ಮಾಡಿದ್ದರೂ ‘ಹಿ ಇಂಪ್ಲೈಡ್ ಮಿ’ ಎಂದೇ ಬರೆಯುತ್ತಾರೆ. ತಿದ್ದುವುದು ಹೇಗೆ?

ಉತ್ತರ 1: ಅರ್ಥ ಸರಿಯಾಗಿಯೇ ಇದೆ; ತೊಡಕಿರುವುದು ವಾಕ್ಯರಚನೆಯಲ್ಲಿ. ‘ಟೆಲ್ ಮಿ’ ಎಂಬಂತೆ ಕೇಳುವವನನ್ನು ಈ ಕ್ರಿಯಾಪದದ ಪಕ್ಕದಲ್ಲೇ ಇಡಲಾಗದು. ‘ಹಿ ಇಂಪ್ಲೈಡ್ ದಟ್ ಐ ವಾಸ್ ಲೇಟ್’ ಎಂಬ ಮಾದರಿಯನ್ನೇ ರೂಢಿ ಮಾಡಿಸಿ. ಕೇಳುವವನನ್ನು ಹೇಳಲೇಬೇಕಿದ್ದರೆ ‘ಟು ಮಿ’ ಎನ್ನಬೇಕು.

ಉತ್ತರ 2: ‘ಇನ್‌ಫರ್’ ಪದವನ್ನೂ ಜೊತೆಯಲ್ಲೇ ಕಲಿಸಿ, ಏಕೆಂದರೆ ಇಂಗ್ಲಿಷರೇ ಇವೆರಡನ್ನು ಬೆರೆಸಿಬಿಡುತ್ತಾರೆ. ಆಡುವವನು ಮಾತಿನೊಳಗೆ ಅರ್ಥವನ್ನು ಅಡಗಿಸಿಡುವುದು ‘ಇಂಪ್ಲೈ’, ಕೇಳುವವನು ಅದನ್ನು ಹೆಕ್ಕಿ ತೆಗೆಯುವುದು ‘ಇನ್‌ಫರ್’. ಕೊರಿಯನ್ನಿನಲ್ಲಿ ಎರಡನೆಯದಕ್ಕೆ ‘ಚುರೊನ್‌ಹಾದಾ’ ಎಂಬ ಬೇರೆ ಪದವೇ ಇದೆ. ಲ್ಯಾಟಿನ್ ಮೂಲದಲ್ಲಿ ‘ಇಂಪ್ಲೈ’ ಎಂದರೆ ಒಳಗೆ ಮಡಚುವುದು, ‘ಅಮ್‌ಶಿ’ಯ ಚೀನೀ ಅಕ್ಷರಗಳಾದರೋ ‘ಕತ್ತಲು’ ಮತ್ತು ‘ತೋರು’. ನಮ್ಮ ‘ಧ್ವನಿಸು’ ಇವೆರಡಕ್ಕಿಂತ ಸೊಗಸೆಂಬುದು ನನ್ನ ಪಕ್ಷಪಾತ.

ಉತ್ತರ 3: ಮಾತನಾಡದೆಯೇ ಎದುರಿನವರ ಮನಸ್ಸನ್ನು ಅರಿಯುವ ಜಾಣ್ಮೆಗೆ ಕೊರಿಯನ್ನರು ‘ನುನ್‌ಚಿ’ ಎನ್ನುತ್ತಾರೆ. ಆದ್ದರಿಂದ ಪರಿಕಲ್ಪನೆಯನ್ನು ವಿವರಿಸುವ ಶ್ರಮ ಬೇಡ. ‘ಈ ಕೋಣೆ ಚಳಿಯಾಗಿದೆ’ ಎಂದವರು ಕಿಟಕಿ ಮುಚ್ಚಲು ಸೂಚಿಸುತ್ತಿದ್ದಾರೆಂಬುದು ಅವರಿಗೆ ಥಟ್ಟನೆ ಹೊಳೆಯುತ್ತದೆ. ಅದನ್ನೇ ‘ಇಂಪ್ಲೈ’ ಬಳಸಿ ಬರೆಯಲು ಹೇಳಿ. ಉಚ್ಚಾರಣೆಯಲ್ಲಿ ಮಾತ್ರ ‘ಇಮ್‌ಪುಲ್ಲಾಇ’ ಎಂದು ಸ್ವರ ಸೇರಿಸುವುದನ್ನು ಆರಂಭದಲ್ಲೇ ತಿದ್ದಿ.